ಒಪ್ಪಿಗೆ ಕೇಳದ ಲಿಂಕುಗಳು

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹೊಂದಿಕೊಂಡ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮಹಡಿ ಮೇಲೆ ಅಂಬಿಕಳ ಒಂದು ಕೋಣೆಯ ಆಫೀಸಿತ್ತು. ಉಸಿರಾಟದ ತೊಂದರೆ ಇರುವವರ ಮನೆಗೆ ಆಕ್ಸಿಜನ್ ಮಿಷನ್ ಬಾಡಿಗೆಗೆ ಕೊಡುವುದು ಅವಳ ಕಸುಬು. ಅದರ ಜೊತೆಗೆ ಏಳು ವರ್ಷದಿಂದ ಒಂದು ವೆಬ್‌ಸೈಟನ್ನೂ ನಡೆಸುತ್ತಿದ್ದಳು. ಗಣಿಯಲ್ಲಿ ದುಡಿದು ಎದೆಯೊಳಗೆ ಕಲ್ಲುದೂಳು ತುಂಬಿಕೊಂಡವರಿಗಾಗಿ ಮಾಡಿದ ಸೈಟು ಅದು. ಎದೆ ಡಾಕ್ಟರು ಯಾವ ವಾರ ಎಲ್ಲಿ ಕೂರುತ್ತಾರೆ, ಉಸಿರಿನ ಔಷಧಿಯ ಪಂಪು ಎಳೆಯುವಾಗ ಬಾಯಿ ಹೇಗಿಡಬೇಕು, ಏನು ಕಂಡರೆ ಕಾಯದೆ ಆಸ್ಪತ್ರೆಗೆ ಓಡಬೇಕು, ಎಲ್ಲವನ್ನೂ ಕನ್ನಡದಲ್ಲೂ ತಮಿಳಿನಲ್ಲೂ ತಾನೇ ಕೂತು ಬರೆದಿದ್ದಳು. ಮೊದಲ ಪುಟದ ಮೇಲ್ಗಡೆ ಅವಳ ಅಪ್ಪನ ಫೋಟೋ ಇತ್ತು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯೊಳಗೆ ಇಪ್ಪತ್ತಾರು ವರ್ಷ ಇಳಿದು ಹತ್ತಿದ ಮನುಷ್ಯ. ಕೊನೆಯ ಎರಡು ವರ್ಷ ಮಲಗಲು ಆಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿ, ಹಾಗೆ ಕೂತೇ ಹೋದವನು.

ಸೈಟೇನೋ ಇತ್ತು, ಓದುವವರು ಇರಲಿಲ್ಲ. ಊರಿನವರೇ ಫೋನಿನಲ್ಲಿ 'ಗಣಿ ದೂಳು ಉಸಿರು' ಎಂದು ಹುಡುಕಿದರೆ ಮೊದಲು ಯಾವುದೋ ದೊಡ್ಡ ಊರಿನ ಆಸ್ಪತ್ರೆಗಳು ಬರುತ್ತಿದ್ದವು. ಅಂಬಿಕಳ ಸೈಟು ನಾಲ್ಕನೇ ಪುಟದಲ್ಲಿ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತಿತ್ತು. ನಾಲ್ಕನೇ ಪುಟದವರೆಗೆ ಬೆರಳಾಡಿಸುವ ತಾಳ್ಮೆ ಏದುಸಿರು ಬಿಡುವವರಿಗೆಲ್ಲಿಂದ ಬರಬೇಕು?

ಸೈಟು ಕಟ್ಟಿಕೊಟ್ಟಿದ್ದ ವೇಣು ಬಂಗಾರಪೇಟೆಯವನು. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಕಂಪ್ಯೂಟರ್ ಅಂಗಡಿ. ಒಂದು ಬೆಳಿಗ್ಗೆ ಬಂದವನು ಹೇಳಿದ.

"ಅಂಬಿಕಕ್ಕ, ಬೇರೆ ಸೈಟುಗಳಿಂದ ನಿನ್ನ ಸೈಟಿಗೆ ಎಷ್ಟು ಲಿಂಕ್ ಇರ್ತವೋ ಅಷ್ಟು ನಿನಗೆ ಮರ್ಯಾದೆ, ಹುಡುಕಿದಾಗ ಅಷ್ಟು ಮೇಲೆ ಬರ್ತೀಯ. ನೀನು ಅವರದ್ದು ಹಾಕು, ಅವರು ನಿನ್ನದು ಹಾಕ್ತಾರೆ. ಕೊಡೋದು, ತಗೊಳ್ಳೋದು."

"ಅದನ್ನೇ ತಾನೆ ಮಾಡ್ತಿರೋದು?"

"ವರ್ಷಕ್ಕೆ ಆರು ಲಿಂಕ್! ಹಿಂಗಾದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಮೊದಲನೇ ಪುಟಕ್ಕೆ ಬತ್ತೀವಿ."

ಅವನು ಹೇಳಿದ್ದು ಸುಳ್ಳಲ್ಲ. ಆ ಆರು ಲಿಂಕುಗಳಿಗಾಗಿ ಅಂಬಿಕ ಆರು ಜನರಿಗೆ ಕೈಯಾರೆ ಕಾಗದ ಬರೆದಿದ್ದಳು, ಆರು ಸೈಟುಗಳನ್ನು ಮೂಲೆಮೂಲೆ ಓದಿದ್ದಳು. ತೃಪ್ತಿಯಾದ ಮೇಲೆಯೇ ಅವುಗಳ ಹೆಸರನ್ನು 'ಗೆಳೆಯರು' ಎಂಬ ಪುಟದಲ್ಲಿ ಸೇರಿಸಿದ್ದಳು.

ವೇಣು ಮೂರು ಸಾಫ್ಟ್‌ವೇರ್ ತಂದಿದ್ದ. ಮೂರನ್ನೂ ಒಂದೊಂದು ವಾರ ಬಳಸಿ ನೋಡಿ ಅಂಬಿಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೊದಲನೆಯದು ಸೈಟುಗಳನ್ನು ಹುಡುಕಿ ಕೊಡುತ್ತಿತ್ತು, ಉಳಿದಿದ್ದು ನಮ್ಮ ಪಾಡು. ಎರಡನೆಯದು ತಾನೇ ಕಾಗದ ಬರೆದು, ಒಪ್ಪಿದವರ ಪಟ್ಟಿಯನ್ನು ದಿನಾ ಬೆಳಿಗ್ಗೆ ಮುಂದಿಟ್ಟು 'ಹಾಕಲೇ?' ಎಂದು ಕೇಳುತ್ತಿತ್ತು. ಮೂರನೆಯದು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಹುಡುಕುವುದು, ಬರೆಯುವುದು, ಹಾಕುವುದು, ಅವರು ನಮ್ಮ ಲಿಂಕ್ ಇಟ್ಟಿದ್ದಾರೋ ಇಲ್ಲವೋ ಎಂದು ನೋಡಿಕೊಳ್ಳುವುದು, ಎಲ್ಲ ಅದರದೇ ಯಜಮಾನಿಕೆ.

"ಮೂರನೇದು ಬೇಡ," ಎಂದಳು ಅಂಬಿಕ. "ನನ್ನ ಮನೆಗೆ ಬರೋರನ್ನ ನಾನು ನೋಡಬೇಕು."

ಎರಡನೆಯದೇ ಉಳಿಯಿತು. ಮೊದಲ ದಿನ ಇಪ್ಪತ್ತು ಹೆಸರು ಬಂದವು, ಇಪ್ಪತ್ತನ್ನೂ ತೆರೆದು ನೋಡಿದಳು. ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಅರವತ್ತಾದವು, ಮತ್ತೆ ನೂರಿಪ್ಪತ್ತು. ಹನ್ನೆರಡನೇ ದಿನ ಅವಳ ಕೈಯಲ್ಲಿ ಯಾರದ್ದೋ ಮಿಷನ್ನಿನ ಫಿಲ್ಟರ್ ಇತ್ತು, ಮೇಜಿನ ಮೇಲೆ ಎರಡೂ ಫೋನು ಹೊಡೆದುಕೊಳ್ಳುತ್ತಿದ್ದವು. ಕೊನೆಯ ನಲವತ್ತು ಹೆಸರುಗಳನ್ನು ಓದದೆಯೇ ಒತ್ತಿದ್ದೇನೆ ಎಂದು ಆಗ ಗೊತ್ತಾಯಿತು. ಓದದೆ ಒತ್ತುವುದಕ್ಕೂ ಅದು ಕೇಳದೆಯೇ ಹಾಕಿಬಿಡುವುದಕ್ಕೂ ಏನು ವ್ಯತ್ಯಾಸ ಎನ್ನಿಸಿತು. ಪಟ್ಟಿಯ ಕೆಳಗೊಂದು ಸಣ್ಣ ಚೌಕವಿತ್ತು: 'ಇನ್ನು ಮುಂದೆ ನನ್ನನ್ನು ಕೇಳಬೇಕಿಲ್ಲ.' ಅಂಬಿಕ ಅದಕ್ಕೊಂದು ಟಿಕ್ ಹಾಕಿ ಫೋನೆತ್ತಿಕೊಂಡಳು.

ತಿಂಗಳು ತುಂಬುವುದರೊಳಗೆ ಸೈಟು ಮೊದಲ ಪುಟಕ್ಕೆ ಬಂತು. ವೇಣು ಮೈಸೂರುಪಾಕ್ ತಂದು ಚಪ್ಪಲಿ ಅಂಗಡಿಯವರಿಗೂ ಹಂಚಿದ. ಜನ ಹುಡುಕಿಕೊಂಡು ಬರತೊಡಗಿದರು. ಅಪ್ಪ ಇದ್ದಿದ್ದರೆ ಎಂದು ಅಂಬಿಕ ಒಂದೆರಡು ಸಲ ಅಂದುಕೊಂಡಳು.

ಆದರೆ ಏನೋ ಒಂದು ಸರಿಯಿರಲಿಲ್ಲ. ಅವಳಿಗೆ ಬಾರದ ಯಾವುದೋ ಲಿಪಿಯಲ್ಲಿ ಮೇಲ್ ಬರುತ್ತಿದ್ದವು. 'ಗೆಳೆಯರು' ಪುಟ ತೆರೆದರೆ ಹೆಸರುಗಳು ಜಾರುತ್ತಲೇ ಇದ್ದವು, ತಳ ಸಿಗುತ್ತಿರಲಿಲ್ಲ. ಪುರುಸೊತ್ತಾದಾಗ ನೋಡಬೇಕು ಎಂದುಕೊಂಡು ಮುಚ್ಚಿದಳು. ಒಂದು ಮಧ್ಯಾಹ್ನ ಯಾರೋ ಹೆಂಗಸು ಫೋನ್ ಮಾಡಿದಳು.

"ಅಮ್ಮಾ, ಆ ಪುಡೀನ ಊಟಕ್ಕೆ ಮುಂಚೆ ಕೊಡ್ಬೇಕಾ, ಆಮ್ಯಾಕಾ?"

"ಯಾವ ಪುಡಿ? ನಮ್ಮಲ್ಲಿ ಪುಡಿಗಿಡಿ ಇಲ್ಲಮ್ಮ. ರಾಂಗ್ ನಂಬರ್."

"ನಿಮ್ದೇ ನಂಬ್ರು ಮ್ಯಾಲೆ ಐತಲ್ಲಮ್ಮ..."

ಅಷ್ಟರಲ್ಲಿ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತಿದ್ದರು. ಅಂಬಿಕ ಫೋನಿಟ್ಟಳು.

ಅದಾಗಿ ಎರಡು ವಾರಕ್ಕೆ ಅವಳು ಚಾಂಪಿಯನ್ ರೀಫ್ಸಿಗೆ ಹೋದಳು. ಅಲ್ಲಿ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ್ದ ಹಳೇ ಲೈನ್ ಮನೆಯೊಂದರಲ್ಲಿ ಕೋದಂಡಪ್ಪ, ಕನಕಮ್ಮ ದಂಪತಿ ಇದ್ದರು. ಕೋದಂಡಪ್ಪ ಅವಳ ಅಪ್ಪನ ಜೊತೆ ಒಂದೇ ಪಾಳಿಯಲ್ಲಿ ಗಣಿಗಿಳಿಯುತ್ತಿದ್ದವನು. ಅವನ ಆಕ್ಸಿಜನ್ ಮಿಷನ್ ಪರೀಕ್ಷೆ ಮಾಡುವ ದಿನ ಅದು. ಒಳಗೆ ಕಾಲಿಟ್ಟವಳಿಗೆ ಮೊದಲು ಗಮನಕ್ಕೆ ಬಂದದ್ದು ನಿಶ್ಶಬ್ದ. ಆ ಮನೆಯಲ್ಲಿ ಯಾವಾಗಲೂ ಇರುತ್ತಿದ್ದ ಮಿಷನ್ನಿನ ಗುರುಗುರು ಇರಲಿಲ್ಲ. ಮಿಷನ್ ಮೇಲೆ ಹಾಸಿದ ಟವೆಲ್ಲಿನಲ್ಲಿ ಹುಣಸೆಹಣ್ಣು ಒಣಗುತ್ತಿತ್ತು.

"ದೊಡ್ಡಪ್ಪ, ಮಿಷನ್ ಕೆಟ್ಟಿದೆಯಾ?"

"ಕೆಟ್ಟಿಲ್ಲ ಕಣಮ್ಮಾ. ನಾನೇ ನಿಲ್ಸಿವ್ನಿ." ಅವನು ನಕ್ಕ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. "ಪಂಪೂ ಬುಟ್ಟೆ. ಈಗ ಪುಡಿ ತಿಂತಾವ್ನಿ. ಇಪ್ಪತ್ತೊಂದು ದಿವ್ಸಕ್ಕೆ ದೂಳೆಲ್ಲ ಕರಗೋಯ್ತದಂತೆ."

"ಯಾರು ಹೇಳಿದ್ದು?"

"ಇನ್ಯಾರು, ನೀನೇ!"

ಅವನು ದಿಂಬಿನ ಕೆಳಗಿಂದ ಫೋನ್ ತೆಗೆದು ಒತ್ತಿ ತೋರಿಸಿದ. ಅವಳದೇ ಸೈಟು. ಮೇಲೆ ಅಪ್ಪ ಗಂಭೀರವಾಗಿ ನೋಡುತ್ತಿದ್ದ. ಕೋದಂಡಪ್ಪನ ಬೆರಳು 'ಗೆಳೆಯರು' ಮುಟ್ಟಿ, ದಪ್ಪ ಅಕ್ಷರದ ಒಂದು ಸಾಲಿನ ಮೇಲೆ ನಿಂತಿತು. ಕಲ್ಲುದೂಳಿನ ಶ್ವಾಸಕೋಶ ಇಪ್ಪತ್ತೊಂದು ದಿನದಲ್ಲಿ ಶುದ್ಧ. ಒತ್ತಿದರೆ ಬೇರೆ ಪುಟ ತೆರೆದುಕೊಂಡಿತು. ಪುಡಿ ಡಬ್ಬಿ ಅಂಚೆಯಲ್ಲಿ ಮನೆಗೇ ಬರುತ್ತದೆ, ಆದರೆ ಅದನ್ನು ತಿನ್ನುವಾಗ ಬೇರೆಲ್ಲ ಔಷಧಿ ನಿಲ್ಲಿಸಬೇಕು ಎಂದು ಅಲ್ಲಿ ಬರೆದಿತ್ತು.

"ಬ್ಯಾಡ ಅಂತ ನಾನು ಬಡ್ಕೊಂಡೆ," ಎಂದಳು ಕನಕಮ್ಮ. "ಕೇಳ್ಲಿಲ್ಲ."

"ನಿಮ್ಮಪ್ಪನ ಫೋಟೋ ಐತಲ್ಲ ಮಗಾ, ಅದ್ಕೇ ನಂಬ್ದೆ," ಎಂದ ಕೋದಂಡಪ್ಪ. ಆ ಒಂದು ಮಾತು ಮುಗಿಸಲು ಅವನು ಮೂರು ಸಲ ನಿಂತು ಉಸಿರೆಳೆದುಕೊಂಡ.

ಅಂಬಿಕ ಅವನ ಬೆರಳಿಗೆ ಆಕ್ಸಿಜನ್ ಅಳೆಯುವ ಮೀಟರ್ ಕಚ್ಚಿಸಿದಳು. ತೊಂಬತ್ತರ ಮೇಲಿರಬೇಕಾದ ಅಂಕಿ ಎಪ್ಪತ್ತಮೂರರಲ್ಲಿ ನಡುಗುತ್ತಿತ್ತು. ಅವಳು ಹುಣಸೆಹಣ್ಣನ್ನು ನೆಲಕ್ಕೆ ಸುರಿದು ಮಿಷನ್ ಹಾಕಿ, ನಳಿಕೆಯನ್ನು ಅವನ ಮೂಗಿಗಿಟ್ಟು, ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಹೊತ್ತು ಹಿಡಿಯಿತು. ಆಸ್ಪತ್ರೆಯವರು ಅವನನ್ನು ಒಳಗೆ ಕರೆದೊಯ್ಯುವ ಹೊತ್ತಿಗೆ ಅವನಿಗೆ ಹೆಂಡತಿಯ ಗುರುತೂ ತಪ್ಪಿತ್ತು.

ಕಾರಿಡಾರಿನಿಂದಲೇ ಅವಳು ವೇಣುವಿಗೆ ಫೋನ್ ಮಾಡಿ ಆ ಲಿಂಕ್ ಕೀಳಿಸಿದಳು. ಕಿತ್ತೆ ಎಂದ. ಅರ್ಧ ಗಂಟೆಗೆ ನೋಡಿದರೆ ಆ ಸಾಲು ಇದ್ದ ಜಾಗದಲ್ಲೇ ಇತ್ತು. ಮತ್ತೆ ಕಿತ್ತ, ಮತ್ತೆ ಬಂತು. ಸಾಫ್ಟ್‌ವೇರಿನೊಳಗೆ ಹೋಗಿ ನಿಲ್ಲಿಸೋಣ ಎಂದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು. ಆ ಕಂಪನಿಗೆ ಒಂದು ಫೋನ್ ನಂಬರೂ ಇರಲಿಲ್ಲ. ಸಂಜೆಯ ಬಸ್ಸಿಗೆ ಅವನೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಮುಖ ಬಾಡಿತ್ತು.

"ಆ ಪುಡಿಯೋರು ನಮ್ಮ ಲಿಂಕ್ ಇಟ್ಕೊಂಡಿರೋವರೆಗೂ ನಾವು ಅವರದ್ದು ಇಡಬೇಕು ಅನ್ನೋದು ಅದರ ರೂಲ್ಸ್ ಅಂತೆ ಅಕ್ಕ. ನಾವು ಕಿತ್ತಂಗೆಲ್ಲ ಅದು ವಾಪಸ್ ನೆಡ್ತೈತೆ." ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ಇನ್ನೊಂದು ವಿಷಯ. ನಿಮ್ಮಪ್ಪನ ಫೋಟೋನ ಆ ಪುಡಿಯೋರು ತಮ್ಮ ಪುಟಕ್ಕೂ ಎತ್ಕೊಂಡವ್ರೆ. 'ನಮ್ಮಿಂದ ವಾಸಿಯಾದವರು' ಅಂತ ಕೆಳಗೆ ಬರೆದವ್ರೆ."

ಅಂಬಿಕ ನೋಡಲಿಲ್ಲ. ನೋಡುತ್ತ ಕೂರಲು ಇದು ಹೊತ್ತಲ್ಲ ಎಂದು ಅವಳಿಗೆ ಗೊತ್ತಿತ್ತು.

"ಇಡೀ ಸೈಟೇ ಇಳಿಸಬೇಕಾ?"

"ಬೇರೆ ದಾರಿ ಇಲ್ಲ. ನೀನು ಬರೆದಿದ್ದನ್ನೆಲ್ಲ ಬೇರೆ ಕಡೆ ಇಟ್ಕೊಂಡಿದೀನಿ."

"ಇಳಿಸು. ಅದಕ್ಕೆ ಮುಂಚೆ ಆ ಲಿಂಕನ್ನ ಎಷ್ಟು ಜನ ಒತ್ತಿದಾರೆ, ತೆಗಿ."

ನಲವತ್ತೊಂದು ಫೋನುಗಳು. ಹೆಸರಿಲ್ಲ, ನಂಬರಿಲ್ಲ, ಊರು ಮಾತ್ರ. ಇಪ್ಪತ್ತೆಂಟು ಈ ಸುತ್ತಮುತ್ತಲಿನವು, ಉಳಿದ ಹದಿಮೂರು ಎಲ್ಲೆಲ್ಲಿಯವೋ. ಆಗ ಅವಳಿಗೆ ಆ ಮಧ್ಯಾಹ್ನದ ಹೆಂಗಸಿನ ದನಿ ನೆನಪಾಯಿತು. ಫೋನಿನಲ್ಲಿ ಹಿಂದೆ ಹಿಂದೆ ಹುಡುಕಿ ಆ ನಂಬರ್ ಹಿಡಿದು ಕರೆ ಮಾಡಿದಳು.

"ಅಮ್ಮ, ಅವತ್ತು ಪುಡಿ ವಿಷಯ ಕೇಳಿದ್ರಲ್ಲ. ಅದನ್ನ ಈಗಲೇ ನಿಲ್ಲಿಸಿಬಿಡಿ. ಕೊಡಲೇಬೇಡಿ."

ಆ ಕಡೆ ಕರುವೊಂದು ಕೂಗುತ್ತಿತ್ತು.

"ಈಗ ಕೊಡಾಕೆ ಯಾರವ್ರೆ ತಾಯಿ?" ಎಂದಿತು ಆ ದನಿ.

ಮಾರನೇ ಬೆಳಿಗ್ಗೆ ಅಂಬಿಕ ಕಾಮಸಮುದ್ರದ ಬಸ್ಸು ಹತ್ತಿದಳು. ಅಲ್ಲಿಂದ ಎರಡು ಮೈಲಿ ಒಳಗೆ ಫೋನ್ ಮಾಡಿದ್ದ ಆ ಹೆಂಗಸಿನ ಮನೆ. ಮುನಿಶಾಮಮ್ಮ ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುವವಳು. ಗಂಡ ರಾಮಚಂದ್ರಪ್ಪ ಗಣಿಯ ಕಾಲದಲ್ಲಿ ಅದಿರು ಕುಟ್ಟುವ ಮಿಲ್ಲಿನಲ್ಲಿದ್ದವನು. ಪುಡಿ ಶುರುಮಾಡಿದ ಒಂಬತ್ತನೇ ದಿನ ಹಟ್ಟಿಯಲ್ಲಿ ಹಸುವಿನ ಪಕ್ಕ ಕುಸಿದು ಕೂತವನು ಏಳಲಿಲ್ಲ.

ಸುಳ್ಳು ಹೇಳಲು ಅಂಬಿಕಳಿಗೆ ದಾರಿಯಿತ್ತು. ಈಕೆಗೆ ಲಿಂಕು ಗೊತ್ತಿಲ್ಲ, ಸಾಫ್ಟ್‌ವೇರ್ ಗೊತ್ತಿಲ್ಲ. ಮೋಸದವರ ಬಗ್ಗೆ ಎಚ್ಚರಿಸಲು ಬಂದೆ ಎಂದಿದ್ದರೆ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಅಂಬಿಕ ಜಗುಲಿಯ ಕೆಳಗೆ ನಿಂತೇ ಎಲ್ಲವನ್ನೂ ಹೇಳಿದಳು. ಪುಡಿ ತನ್ನದಲ್ಲ, ಆದರೆ ಅದಕ್ಕೆ ದಾರಿ ತೋರಿಸಿದ ಸೈಟು ತನ್ನದು, ಯಾರು ಬೇಕಾದರೂ ಬರಲಿ ಎಂದು ಟಿಕ್ ಹಾಕಿದ್ದೂ ತಾನೇ ಎಂದಳು.

ಮುನಿಶಾಮಮ್ಮ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಅಂದಳು.

"ನಾನು ಫೋನ್ ಮಾಡ್ದಾಗ ಅವ್ರು ಇಲ್ಲೇ ಕೂತಿದ್ರು. ಒಂದ್ ಸಲ ನಿನ್ ಫೋನ್ನಾಗೆ ನೋಡಿದ್ರೆ ಆಗ್ತಿತ್ತು ನೀನು."

"ಆಗ್ತಿತ್ತಮ್ಮ."

"ನೋಡ್ಲಿಲ್ಲ."

"ಇಲ್ಲ."

ಆಕೆ ತಂಬಿಗೆ ಎತ್ತಿಕೊಂಡು ಹಟ್ಟಿಯ ಕಡೆ ಹೋದಳು. ಅಂಬಿಕ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಕೆ ಹೊರಗೆ ಬರಲೇ ಇಲ್ಲ.

ಮುಂದಿನ ನಾಲ್ಕು ದಿನ ಅವಳು ಲೈನ್ ಮನೆಗಳನ್ನೂ ಹಳ್ಳಿಗಳನ್ನೂ ಸುತ್ತಿದಳು. ಬಾಗಿಲು ಬಾಗಿಲಿಗೆ ನಿಂತು ಪುಡಿ ಬಂದಿದೆಯಾ ಎಂದು ಕೇಳಿದಳು. ಹತ್ತೊಂಬತ್ತು ಕಡೆ ಡಬ್ಬಿ ಸಿಕ್ಕಿತು. ಕೆಲವರು ಬೈದರು, ಒಬ್ಬ ಮುದುಕ ಡಬ್ಬಿ ಕೊಡಲು ಒಪ್ಪದೆ ಎದೆಗವುಚಿಕೊಂಡು ಕೂತ. ಕೋದಂಡಪ್ಪ ಉಳಿದ. ಆದರೆ ಇನ್ನು ಅವನು ಮಿಷನ್ ಬಿಟ್ಟು ಹಿತ್ತಲಿಗೂ ಹೋಗುವ ಹಾಗಿರಲಿಲ್ಲ.

ಐದನೇ ದಿನ ಬಂಗಾರಪೇಟೆಯ ಪೊಲೀಸ್ ಸ್ಟೇಷನ್ನಿನ ಗೇಟಿನ ಬಳಿ ವೇಣು ಅವಳ ದಾರಿಗೆ ಅಡ್ಡ ನಿಂತ.

"ಅಕ್ಕ, ಪುಡಿಯೋರ ಮೇಲೆ ಮಾತ್ರ ಕೊಡು. ಆ ಟಿಕ್ ವಿಷಯ ಯಾಕೆ ಎತ್ತೀಯ? ಯಾರು ಕೇಳಿದಾರೆ?"

"ಮುನಿಶಾಮಮ್ಮ ಕೇಳಿದಾರೆ," ಎಂದು ಅಂಬಿಕ ಒಳಗೆ ಹೋದಳು.

ದೂರು ಬರೆದುಕೊಳ್ಳುವ ರೈಟರು ಅವಳು ಹೇಳಿದ್ದನ್ನೆಲ್ಲ ಕೇಳಿಕೊಂಡರು. ಪುಡಿ ಡಬ್ಬಿಯ ಮೇಲಿನ ವಿಳಾಸದಲ್ಲಿ ಅಂಥ ಕಂಪನಿಯೇ ಇಲ್ಲ ಎಂಬುದು ಆಗಲೇ ತಿಳಿದಿತ್ತು.

"ಹಾಗಾದ್ರೆ ಆ ಲಿಂಕನ್ನ ಹಾಕಿದ್ದು ಯಾರಮ್ಮ?"

"ಸಾಫ್ಟ್‌ವೇರು ಸಾರ್. ಕೇಳದೆ ಹಾಕು ಅಂತ ಹೇಳಿದ್ದು ನಾನು. ಹಾಗೇ ಬರ್ಕೊಳ್ಳಿ."

ಅವರು ತಲೆಯೆತ್ತಿ ಅವಳನ್ನೊಮ್ಮೆ ನೋಡಿ ಬರೆದುಕೊಂಡರು. ಅಂಬಿಕ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಈ ಕಡೆ ಇನ್ನೂ ಸಿಗದವರ ಲೆಕ್ಕ, ಅದರ ಕೆಳಗೆ ಹದಿಮೂರು ದೂರದ ಊರುಗಳು.

"ಇವರೆಲ್ಲ ಯಾರು?"

"ಗೊತ್ತಿಲ್ಲ ಸಾರ್. ಊರು ಮಾತ್ರ ಗೊತ್ತು. ಇವತ್ತಿಗೆ ಅವರಲ್ಲಿ ಎಷ್ಟು ಜನಕ್ಕೆ ಇಪ್ಪತ್ತೊಂದು ದಿನ ತುಂಬ್ತಿದೆಯೋ, ಅದೂ ಗೊತ್ತಿಲ್ಲ. ಆ ಊರುಗಳ ಸ್ಟೇಷನ್ನಿಗೆ ಹೇಳಿಸಿ ಸಾರ್."

ರೈಟರು ಹಾಳೆಯನ್ನು ಎರಡನೇ ಸಲ ಮೇಲಿಂದ ಓದಿದರು. ಮತ್ತೆ ಕುರ್ಚಿ ಹಿಂದಕ್ಕೆ ಸರಿಸಿ, ಅದನ್ನು ಹಿಡಿದುಕೊಂಡು ಇನ್ಸ್‌ಪೆಕ್ಟರ ಕೋಣೆಗೆ ಹೋದರು.