ಬೇಕರಿ ಗೋಡೆಯ ಸಾಲು

"ಸಿಪ್ಪಿ ಸುಲೀಬ್ಯಾಡ್ರಿ, ಒಳಗ ಕಾಳಿರಂಗಿಲ್ಲ, ಮಂದಿ ನಕ್ಕಾರು!" ಎಂದು ಹೊಳೆವ್ವ ಕೂಗುವಷ್ಟರಲ್ಲಿ ಅವಳ ಗಂಡ ಯಮನೂರ ತನ್ನ ಸಾಲಿನ ತೆನೆಯ ಸಿಪ್ಪೆ ಎಳೆದೇಬಿಟ್ಟಿದ್ದ. ಒಳಗೆ ಗೋವಿನಜೋಳದ ಕಾಳು ಒತ್ತೊತ್ತಾಗಿ ಕೂತಿತ್ತು. ಉಗುರು ಚುಚ್ಚಿದರೆ ಹಾಲು ಚಿಮ್ಮಿತು.

"ಮನೆ ಶುರು ಮಾಡೋವರೆಗೆ ಏನಾದ್ರೂ ಹಾಕ್ಕೊಳ್ಳಿ" ಎಂದು ಹೆಬ್ಬಗೋಡಿಯ ಆ ಖಾಲಿ ಸೈಟಿನ ಮಾಲೀಕರು ದ್ವಾರಕಾನಾಥರು ಹೇಳಿದ್ದೇ ತಡ, ಪಕ್ಕದ ಬಾಡಿಗೆ ಕೋಣೆಯ ಈ ಗಂಡ ಹೆಂಡತಿ ಸಂಕ್ರಾಂತಿ ಕಳೆಯುತ್ತಲೇ ಊರಿನಿಂದ ಬೀಜ ತರಿಸಿ ಊರಿದ್ದರು. ಬಿಸಿಲು ಬೀಳುವ ನಡುಭಾಗವನ್ನೆಲ್ಲ ಹೊಳೆವ್ವ ತಾನಿಟ್ಟುಕೊಂಡು, ಬೇಕರಿಯ ಹಿಂಗೋಡೆಯ ಬುಡದ ಒಂದೇ ಸಾಲನ್ನು ಗಂಡನಿಗೆ ಬಿಟ್ಟಿದ್ದಳು. ಗೋಡೆಯಾಚೆ ಬ್ರೆಡ್ ಸುಡುವ ಒಲೆ. "ಬೀಜ ಹುರದು ಹೋಗ್ತಾವ" ಎಂದು ಗೇಲಿಯನ್ನೂ ಮಾಡಿದ್ದಳು. ಆದರೆ ಚಳಿಗೆ ಅವಳ ಪೈರು ಮುದುಡಿ ನಿಂತಾಗ, ರಾತ್ರಿಯೆಲ್ಲ ಬೆಚ್ಚಗಿದ್ದ ಗೋಡೆಯ ಸಾಲು ಎಲೆಯ ಮೇಲೆ ಎಲೆ ಬಿಟ್ಟಿತು. ಯುಗಾದಿ ಆದಮೇಲೆ ಬಿದ್ದ ಮಳೆಗೆ ಅವಳದೂ ದಡದಡನೆ ಎದ್ದಿತು, ನಿಜ. ಆದರೆ ತೆನೆ ಈಗಷ್ಟೇ ಕೂದಲು ಬಿಡುತ್ತಿದೆ. ಕಾಳಿಗೆ ಇನ್ನೂ ಕೆಲವು ವಾರದ ಬಿಸಿಲು ಬೇಕು. ಇವತ್ತೇ ಗುದ್ದಲಿ ಪೂಜೆ. ಗೇಟಿನ ಹತ್ತಿರ ಜೆಸಿಬಿ ಬಂದು ನಿಂತಿತ್ತು. ಹೊಳೆವ್ವನಿಗೆ ಅಳು ಬರುವಷ್ಟು ಸಂಕಟವಾಯಿತು.

"ಇನ್ನೂ ಕೊಯ್ದಿಲ್ವೇನಮ್ಮಾ? ಮುಹೂರ್ತ ಇಟ್ಟಾಗಿದೆ, ಇವತ್ತು ಅಗೀಲೇಬೇಕು" ಎಂದರು ದ್ವಾರಕಾನಾಥರು. ಪಾಪ, ಅವರಿಗೂ ಮುಜುಗರ.

ಗಂಡ ಈಗ ತನ್ನ ತೆನೆಯನ್ನು ಮೆರೆಸುತ್ತಾನೆಂದುಕೊಂಡಳು ಹೊಳೆವ್ವ. ಯಮನೂರ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಗ್ವಾಡಿ ಕಡಿಂದ ಅಗೀರಿ ಸಾರ್. ನಂದು ಬಂದೈತಿ, ಈಗ ಮುರಕೋತೀನಿ. ಅಕಿದು ಕಾಳು ಹಿಡಿಯೂತನಕ ಬಿಡ್ರಿ."

"ಅರ್ಧಂಬರ್ಧ ಪಾಯ ತೋಡೋಕಾಗುತ್ತೇನಪ್ಪಾ?"

ಅರಿಶಿನದ ತಟ್ಟೆ ಹಿಡಿದಿದ್ದ ಅವರ ಹೆಂಡತಿ ಪ್ರಭಾ ನಕ್ಕುಬಿಟ್ಟರು. "ಪಾಯ ಯಾಕ್ರೀ? ಮೊದಲು ನೀರಿನ ಸಂಪು ತಾನೇ? ಅದು ಈಶಾನ್ಯಕ್ಕೆ ಬರಬೇಕು ಅಂತ ನೀವೇ ಕುಣಿದಾಡಿದ್ರಲ್ಲ. ಈಶಾನ್ಯ ಆ ಬೇಕರಿ ಗೋಡೆ ಕಡೆನೇ ಅಲ್ವಾ? ಸಂಪು ಕಟ್ಟಿ ಮುಗಿಸೋಕೇ ತಿಂಗಳಾಗುತ್ತೆ."

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಸಾಲಿನ ತೆನೆಗಳು ಹೊಳೆವ್ವನ ಕೆಂಡದ ಮೇಲಿದ್ದವು. ಉಪ್ಪು ಖಾರ ಸವರಿ ಮಾಲೀಕರಿಗೆ, ಪ್ರಭಾಗೆ, ಜೆಸಿಬಿಯವನಿಗೆ ಕೊಟ್ಟಳು. ಎಲ್ಲಕ್ಕಿಂತ ದಪ್ಪನೆಯದನ್ನು ಗಂಡನ ಕೈಗಿಟ್ಟಳು.

"ಹುರದು ಹೋಗ್ತಾವ ಅಂದಿದ್ದಿ?"

"ಸುಮ್ನ ತಿನ್ರಿ."

ಸಂಜೆ ಮೋಡ ಕವಿದು ಮಳೆ ಹನಿಯತೊಡಗಿದಾಗ ಎಲ್ಲರೂ ಹೊರಟುಹೋಗಿದ್ದರು. ಹೊಳೆವ್ವ ಬೇಕರಿಯ ಶೀಟಿನ ಕೆಳಗೆ ಓಡಿಹೋಗಿ ಗೋಡೆಗೆ ಒರಗಿ ನಿಂತಳು. ಬೆನ್ನು ಬೆಚ್ಚಗಾಯಿತು. ಹೊಸ ಗುಂಡಿಯಾಚೆ ಅವಳ ಸಾಲುಗಳು ಮಳೆಯಲ್ಲಿ ತೋಯುತ್ತಿದ್ದವು.