ಬೀಗ ಹಾಕಿ ಕಾಪಾಡಿದ ಕೋಣೆ

ಬೆಳಗ್ಗೆ ಬಟ್ಟೆ ನೆನೆಹಾಕಿ ಮೊದಲ ಸೀರೆಗೆ ಸೋಪು ಹಚ್ಚುತ್ತಿದ್ದೆ. ರಾತ್ರಿಯೆಲ್ಲ ಮಗಳ ಕಾಲು ಒತ್ತಿ ಕೈ ಸೋತಿತ್ತು. ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ರೈಲ್ವೆ ಸ್ಟೇಷನ್ ಮಾಸ್ತರಮ್ಮ. ಸ್ಟೇಷನ್ ನಡೆಸಲು ನಮ್ಮೂರಿಗೆ ಹೊಸದಾಗಿ ಬಂದವರು. ಹೆಂಗಸರ ವೇಟಿಂಗ್ ರೂಮಿನ ಬೀಗದಕೈ ಕೇಳಲು ಅತ್ತೆಯ ಹತ್ತಿರ ಬಂದಿದ್ದರು.

ನಮ್ಮ ಸ್ಟೇಷನ್ ನೂರು ವರ್ಷ ದಾಟಿದ್ದು. ಸುಣ್ಣದ ಗಾರೆಯ ದಪ್ಪ ಗೋಡೆ, ಎತ್ತರದ ಮರದ ಛಾವಣಿ, ಬೆನ್ನಿನ ಅಳತೆಗೇ ಬಾಗಿಸಿದಂಥ ಬೆಂಚು. ಅತ್ತೆ ಆ ರೂಮಿನ ಆಯಾ ಆಗಿದ್ದವರು. ಕೆಲಸ ಬಿಡುವಾಗ ಹಿಂದಿನ ಮಾಸ್ತರು, ನಿಮ್ಮಷ್ಟು ಜೋಪಾನ ಮಾಡುವವರು ಯಾರೂ ಇಲ್ಲ ಎಂದು ಬೀಗದಕೈಯನ್ನು ಅವರಿಗೇ ಕೊಟ್ಟುಬಿಟ್ಟಿದ್ದರು. ಅಂದಿನಿಂದ ರೂಮಿಗೆ ಬೀಗ. ತಿಂಗಳಿಗೊಮ್ಮೆ ಅತ್ತೆ ಹೋಗಿ ಬೆಂಚು ಒರೆಸಿ ಬರುತ್ತಾರೆ. ನನ್ನನ್ನೂ ಹೀಗೇ ಒರೆಸಿ ಇಟ್ಟಿದ್ದರೆ ನೂರು ವರ್ಷ ಬಾಳುತ್ತಿದ್ದೆ ಎಂದು ಮಾವ, ಇದ್ದಾಗ, ಹೇಳುತ್ತಿದ್ದರು.

ಮಾಸ್ತರಮ್ಮ ವಿಷಯ ತಿಳಿಸಿದರು. ಹಳೆಯ ಕಟ್ಟಡ ಕೆಡವಿ ತಗಡಿನ ಶೆಡ್ಡು ಹಾಕುವ ಯೋಚನೆ ನಡೆದಿದೆ. ಇವತ್ತು ರೈಲ್ವೆ ಸಾಹೇಬರು ನೋಡಲು ಬರುತ್ತಾರೆ. ಜನ ಬಳಸುವುದನ್ನು ಉಳಿಸುತ್ತಾರೆ, ಮುಚ್ಚಿದ್ದನ್ನು ಬೇಡವಾದದ್ದು ಎಂದು ಬರೆದುಕೊಳ್ಳುತ್ತಾರೆ.

"ಬೇಕು ಅಂತ ತಾನೇ ಬೀಗ ಹಾಕಿರೋದು?" ಎಂದರು ಅತ್ತೆ. "ತೆಗೆದಿಟ್ಟಿದ್ದಾಗ ಏನಾಯ್ತು ಗೊತ್ತಾ? ಯಾವಳೋ ಹುಡುಗಿ ಪಿನ್ನಿನಲ್ಲಿ ತನ್ನ ಹುಡುಗನ ಹೆಸರು ಕೆತ್ತಿದಳು. ಮದುವೆ ಆಗಿದ್ದು ಇನ್ನೊಬ್ಬನನ್ನ. ಗಾಯ ಮಾತ್ರ ನನ್ನ ಬೆಂಚಿಗೆ."

ಮಾಸ್ತರಮ್ಮನಿಗೆ ನಗು ಬಂತು. "ಗಾಯವನ್ನ ಬಡಗಿ ಉಜ್ಜಿ ಸರಿಮಾಡ್ತಾನೆ ಅಮ್ಮಾ. ಆದ್ರೆ ಸುಣ್ಣದ ಗೋಡೆಗೆ ಗಾಳಿ ಬೇಕು, ಗೆದ್ದಲಿಗೆ ಕತ್ತಲೆ ಬೇಕು. ನೀವು ಯಾರಿಗೆ ಬೇಕಾದ್ದು ಕೊಡ್ತಿದ್ದೀರಿ ನೋಡಿ."

ಇಂಥ ಗೋಡೆ ಕಟ್ಟುವವರು ಈಗ ಸಿಗುವುದೇ ಕಷ್ಟ, ಒಮ್ಮೆ ಬಿದ್ದರೆ ಎಷ್ಟು ದುಡ್ಡು ಸುರಿದರೂ ಮತ್ತೆ ಬಾರದು ಎಂದೂ ಹೇಳಿದರು. ಅತ್ತೆಗೆ ಅದು ಗೊತ್ತಿತ್ತು. ಆ ಗೋಡೆಗೆ ಗಾರೆ ಹೊತ್ತವರಲ್ಲಿ ಅವರ ಅಜ್ಜಿಯೂ ಒಬ್ಬರು. ಅದಕ್ಕೇ ಯಾರನ್ನೂ ಮುಟ್ಟಗೊಡುವುದಿಲ್ಲ ಎಂದರು.

ನಾನು ಸೀರೆಗೆ ಸೋಪು ಹಚ್ಚುತ್ತಲೇ ಇದ್ದೆ. ಜಗಳಕ್ಕೂ ತ್ರಾಣ ಬೇಕು. ಅಂದು ಮಗಳನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವ ದಿನ. ಕಾಲಿನ ಆಪರೇಷನ್ ಆದಮೇಲೆ ವಾರ ವಾರವೂ ವ್ಯಾಯಾಮಕ್ಕೆ ಹೋಗಬೇಕು. ರೈಲು ತಡವಾದಾಗಲೆಲ್ಲ ಪ್ಲಾಟ್‌ಫಾರ್ಮಿನ ಬಿಸಿ ನೆಲದ ಮೇಲೆ, ಆ ಬೀಗದ ಬಾಗಿಲಿಗೇ ಒರಗಿ ಕೂರುತ್ತಿದ್ದೆವು. ನನ್ನ ತೊಡೆಯೇ ಅವಳ ಕಾಲಿಗೆ ದಿಂಬು. ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಮಗಳು ಒಮ್ಮೊಮ್ಮೆ ಏನೋ ಕೇಳಲು ಹೊರಟು, ಅಜ್ಜಿಯ ರೂಮಲ್ಲವೇ ಎಂದು ಸುಮ್ಮನಾಗುತ್ತಿದ್ದಳು. ಕಟ್ಟಡ ಹೋದರೆ ಆ ಗೋಡೆಯ ನೆರಳೂ ಇಲ್ಲ. ಕಾದ ತಗಡಿನ ಕೆಳಗೆ ಈ ಕೂಸನ್ನು ಹೇಗೆ ಕೂರಿಸಲಿ?

ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಮಗಳನ್ನು ಕರೆದುಕೊಂಡು ಹೊರಟೆ. ತೋರಿಸಿ ಮತ್ತೆ ಬೀಗ ಹಾಕುತ್ತೇನೆ ಎಂಬ ಕರಾರಿನ ಮೇಲೆ ಅತ್ತೆಯೂ ಸ್ಟೇಷನ್ನಿಗೆ ಬಂದರು.

ಬಾಗಿಲು ತೆರೆದರೆ ಒಳಗೆ ತಂಪು. ಜೊತೆಗೆ ಮುಗ್ಗಲು ವಾಸನೆ. ಮಾಸ್ತರಮ್ಮ ಬೆಂಚನ್ನು ಸರಿಸಿದಾಗ ಹಿಂದಿನ ಗೋಡೆಯ ಮೇಲೆ ಗೆದ್ದಲಿನ ಮಣ್ಣುಗೆರೆ ಛಾವಣಿಯವರೆಗೂ ಹತ್ತಿತ್ತು. ಅತ್ತೆಯ ಮುಖ ಸಣ್ಣಗಾಯಿತು. ಸೆರಗಿನಿಂದಲೇ ಉಜ್ಜತೊಡಗಿದರು.

ಅಷ್ಟರಲ್ಲಿ ಬಂದ ಸಾಹೇಬರು ಇಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದರು.

"ಯಾರನ್ನೂ ಕೂರಿಸಿಲ್ಲ ಸ್ವಾಮಿ. ಅಷ್ಟು ಜೋಪಾನವಾಗಿಟ್ಟಿದ್ದೀನಿ," ಎಂದರು ಅತ್ತೆ.

ಸಾಹೇಬರು ಬರೆದುಕೊಂಡರು. ಮಾಸ್ತರಮ್ಮ ನೆಲ ನೋಡಿದರು.

ಅಕ್ಕಂದಿರೇ, ತಂಗಿಯರೇ, ಆ ರೂಮು ಈಗ ತೆರೆದಿದೆ. ಗೆದ್ದಲಿಗೆ ಔಷಧಿ ಹೊಡೆದಾಗಿದೆ. ಕೆಡವುವ ಮಾತು ಸದ್ಯಕ್ಕೆ ನಿಂತಿದೆ. ಅತ್ತೆ ಬಾಗಿಲ ಬಳಿ ಕೂತು, ಚಪ್ಪಲಿ ಒರೆಸಿ ಬನ್ನಿ ಎಂದು ಬಂದವರನ್ನೆಲ್ಲ ಗದರುತ್ತಾರೆ. ನಿಮ್ಮೂರಲ್ಲೂ ಇಂಥದ್ದೊಂದು ಸ್ಟೇಷನ್ನೋ ಛತ್ರವೋ ಶಾಲೆಯೋ ಇರಬಹುದು. ಹೋಗಿ ಕೂತುಕೊಳ್ಳಿ. ಕಿಟಕಿ ತೆಗೆಸಿ, ಕಸ ಗುಡಿಸಿ. ಸುಣ್ಣದ ಗೋಡೆಗೆ ಗಾಳಿಯಾಡಗೊಡದ ಸಿಮೆಂಟು ಬಳಿಯಲು ಬಂದರೆ ತಡೆದು, ತಿಳಿದವರನ್ನು ಕೇಳಿ. ಇದು ನಮಗೆ ಬೇಕು ಎಂದು ಅಧಿಕಾರಿಗಳ ಎದುರು ಬಾಯಿಬಿಟ್ಟು ಹೇಳಿ.

ಆ ದಿನ ಹಾಗೆ ಹೇಳಲು ನನಗೇ ಆಗಲಿಲ್ಲ. ಸಾಹೇಬರು ಹೊರಡಲು ತಿರುಗಿದ್ದರು. ಅತ್ತೆ ಬಾಗಿಲು ಎಳೆಯಲು ಕೈ ಇಟ್ಟಿದ್ದರು. ಹೊಸ್ತಿಲಲ್ಲಿ ಕೋಲು ಊರಿ ನಿಂತಿದ್ದ ಮಗಳು ಬೆಂಚನ್ನು ನೋಡಿದಳು, ಅಜ್ಜಿಯ ಮುಖ ನೋಡಿದಳು. ಇಷ್ಟು ವಾರ ನುಂಗಿಕೊಂಡಿದ್ದ ಮಾತು ಕೊನೆಗೂ ಎಲ್ಲರಿಗೂ ಕೇಳುವಂತೆ ಹೊರಬಂತು.

"ಅಜ್ಜೀ, ಕಾಲು ನೋಯ್ತಿದೆ. ನಾನು ಕೂತ್ಕೊಂಡ್ರೆ ಬೆಂಚು ಹಾಳಾಗುತ್ತಾ?"