ಎರಡು ಸಲ ಓದದ ಸಾಲು

ಲತಾಮಣಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾಟಿಕುಳಂ ಪೇಟೆಯಲ್ಲಿ ಅವಳ ಅಂಗಡಿಯ ಷಟರ್ ಎಳೆದು ಒಂಬತ್ತು ದಿನವಾಗಿತ್ತು. ಅಂಗಡಿ ಎಂದರೆ ಎಷ್ಟರದು? ಒಂದು ಮೇಜು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ. ಪಿಂಚಣಿ, ಜಾತಿ ಸರ್ಟಿಫಿಕೇಟು, ಕರೆಂಟ್ ಬಿಲ್ಲು, ಹತ್ತನೆಯದು ಮುಗಿಸಿದ ಮಕ್ಕಳ ಪ್ಲಸ್ ವನ್ ಅರ್ಜಿ, ಎಲ್ಲವೂ ಅದೊಂದರಲ್ಲೇ. ಹತ್ತು ವರ್ಷ ದುಡಿದ ಆ ಕಂಪ್ಯೂಟರು ಒಂದು ಬೆಳಿಗ್ಗೆ ಸುಟ್ಟ ವಾಸನೆ ಬಿಟ್ಟು ಮಲಗಿತು, ಮತ್ತೆ ಏಳಲಿಲ್ಲ. ಪ್ಲಸ್ ವನ್ ಅರ್ಜಿಗೆ ಬುಧವಾರ ಕೊನೆಯ ದಿನ. ಇವತ್ತು ಸೋಮವಾರ. ರಸ್ತೆಯ ಆಚೆ ಬದಿಗೆ ಜಿಷ್ಣು ಎನ್ನುವವನು ಮೂರು ಕಂಪ್ಯೂಟರ್ ಇಟ್ಟು ಗಾಜಿನ ಬಾಗಿಲಿನ ಅಂಗಡಿ ತೆರೆದಿದ್ದ. ಅರ್ಜಿಯ ಕಾಲದಲ್ಲಿ ಒಮ್ಮೆ ಆ ಬಾಗಿಲು ದಾಟಿದವರು ಈಚೆ ತಿರುಗಿ ಬರುವುದುಂಟೆ? ಬರುವುದಿಲ್ಲ.

ಅವಳ ಗಿರಾಕಿಗಳು ಹೆಚ್ಚಿನವರು ತೃಶ್ಶಿಲೇರಿ ಕಡೆಯ ಕನ್ನಡದ ಮನೆಯವರು, ಮುತ್ತಜ್ಜನ ಕಾಲಕ್ಕೆ ಗಡಿಯಾಚೆ ಕೋಟೆ ಕಡೆಯಿಂದ ಬಂದು ಗದ್ದೆ ಮಾಡಿಕೊಂಡವರು. ಪೇಟೆಯಲ್ಲಿ ಮಲಯಾಳ ಸರಾಗವಾಗಿ ಮಾತಾಡುತ್ತಾರೆ. ಸರ್ಕಾರದ ಅರ್ಜಿ ಎದುರಿಗೆ ಬಂತೋ, ಆ ಅಕ್ಷರ ಓದಲಾರರು. ಲತಾಮಣಿ ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳುವಳು. ಅವಳದೊಂದು ಕಟ್ಟುನಿಟ್ಟಾದ ಪದ್ಧತಿ: ಅರ್ಜಿ ಕಳಿಸುವ ಗುಂಡಿ ಒತ್ತುವ ಮೊದಲು ಸಣ್ಣಕ್ಷರದ ಸಾಲುಗಳನ್ನು ಪರದೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಎರಡು ಸಲ ಓದಬೇಕು, ಎರಡು ಸಲವೂ ಗಿರಾಕಿ ಹೂಂಗುಟ್ಟಬೇಕು. ಬಸ್ಸು ಹೊರಟು ಹೋದರೂ ಸರಿಯೇ. ಯಾರಾದರೂ ತಪ್ಪು ಕಾಗದ ತಂದು ಮುಖ ಸಣ್ಣ ಮಾಡಿಕೊಂಡರೆ, "ಕುಳಪ್ಪ ಇಲ್ಲ, ಸರಿ ಮಾಡೋಣ" ಅನ್ನುವಳು. ಪರವಾಗಿಲ್ಲ ಎನ್ನುವುದಕ್ಕೆ ಇಲ್ಲಿನ ಕನ್ನಡದವರು ಆ ಮಲಯಾಳದ ಮಾತನ್ನೇ ಹಿಡಿದಿದ್ದಾರೆ. ಆ ಒಂದು ಮಾತು ಕೇಳಲಿಕ್ಕೇ ಅವಳ ಹತ್ತಿರ ಬರುವವರಿದ್ದರು.

ಇನ್ನು ಅವಳ ಗಂಡ ನವೀನ್. ಒಳ್ಳೆಯವನು, ಕುಡಿಯುವವನಲ್ಲ, ಮೆಣಸಿನ ಬಳ್ಳಿಗಳನ್ನು ಮಕ್ಕಳಂತೆ ನೋಡಿಕೊಳ್ಳುವವನು. ಒಂದೇ ಕಾಯಿಲೆ: ಅಂಗಡಿಯಲ್ಲಿ ಸಿಗುವ ಯಾವುದನ್ನೂ ಇಡಿಯಾಗಿ ಕೊಳ್ಳಲಾರ, ಎಲ್ಲವನ್ನೂ ತಾನೇ ಮಾಡಬೇಕು. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯೊಂದು ಎರಡು ವರ್ಷದಿಂದ ಕೊಟ್ಟಿಗೆಯಲ್ಲಿದೆ, ಇವತ್ತಿನವರೆಗೆ ಒಂದು ಮರಿ ಹೊರಬಂದಿಲ್ಲ. ಬಚ್ಚಲಿಗೆ ಸೋಲಾರ್ ಎಂದು ತಂದ ಪೈಪುಗಳಿಗೆ ಈಗ ಸೋರೆ ಬಳ್ಳಿ ಹಬ್ಬಿದೆ. ಕಂಪ್ಯೂಟರು ಕೆಟ್ಟ ದಿನವೇ ಅವನ ಮುಖ ಅರಳಿತು ಅಂದರೆ ನೀವೇ ಲೆಕ್ಕ ಹಾಕಿ!

ಲತಾಮಣಿಗೆ ಬೇಕಾಗಿದ್ದದ್ದು ಈಗ ಬರುತ್ತಿರುವ ಪುಟ್ಟ ಡಬ್ಬಿಯಂಥ ಕಂಪ್ಯೂಟರು. ಊಟದ ಡಬ್ಬಿಯಷ್ಟೇ ಗಾತ್ರ, ಮೇಜಿನ ಮೂಲೆಯಲ್ಲಿ ಕೂರುತ್ತದೆ, ಕರೆಂಟು ಹೋದರೆ ಹಳೆಯ ಯುಪಿಎಸ್ಸಿನಲ್ಲೇ ಗಂಟೆಗಟ್ಟಲೆ ಓಡುತ್ತದೆ. ನವೀನ್ ಒಪ್ಪಲಿಲ್ಲ. ಬಿಡಿಬಿಡಿಯಾಗಿ ತಂದು ನಾನೇ ಜೋಡಿಸುತ್ತೇನೆ, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು, ನಿನ್ನ ಡಬ್ಬಿ ಕೆಟ್ಟರೆ ಡಬ್ಬಿಯನ್ನೇ ಎಸೆಯಬೇಕು ಎಂದ. ಮಾತು ತಪ್ಪೇನಲ್ಲ, ಹೇಳಿದವನು ಯಾರು ಎನ್ನುವುದೇ ತೊಡಕು. ಮಾರನೆಯ ದಿನ ಬೆಳಿಗ್ಗೆ ರಾತ್ರಿ ಮುಚ್ಚಿರುವ ಬಾವಲಿಯ ಕಾಡಿನ ಗೇಟು ತೆರೆಯುತ್ತಲೇ ಮೈಸೂರಿನ ಬಸ್ಸು ಹಿಡಿದ. ಸಂಜೆ ಎರಡು ಚೀಲ ಹೊತ್ತು ತಂದು ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿದ. ಎರಡು ದಿನದಲ್ಲಿ ಮುಗಿಯುತ್ತೆ ಎಂದ.

ಎರಡು ದಿನ ನಾಲ್ಕಾಯಿತು, ನಾಲ್ಕು ಆರಾಯಿತು. ಬೋರ್ಡು, ಫ್ಯಾನು, ವೈರು ಮೇಜಿನ ಮೇಲೆಯೇ ಬಿದ್ದಿದ್ದವು, ಮನೆಯವರು ಅಡುಗೆಮನೆಯ ನೆಲದ ಮೇಲೆ ಕೂತು ಉಂಡರು. ಕೇಳಿದರೆ ಒಂದು ದಿನ ಸ್ಕ್ರೂ ಸಾಲದು, ಇನ್ನೊಂದು ದಿನ ಮಾನಂದವಾಡಿಯ ರಿಪೇರಿ ಬಿಜು ಯಾವುದೋ ವೈರ್ ತರಬೇಕು. ಅಲ್ಲಿಗೆ ಮಾತು ಮುಗಿಸಿ ತೋಟಕ್ಕೆ ನಡೆಯುವನು. ಬರೀ ನವೀನನದೇ ಹೇಳಿದರೆ ಅನ್ಯಾಯ, ಲತಾಮಣಿಯ ನಾಲಿಗೆಯದನ್ನೂ ಹೇಳಬೇಕು. ಅಂಗಡಿಯಲ್ಲಿ ಬೆಣ್ಣೆಯಂಥ ಮಾತಾಡುವವಳು ಮನೆಯ ಹೊಸ್ತಿಲು ದಾಟಿದಳೋ, ಕೋಳಿಮರಿಯ ಪೆಟ್ಟಿಗೆಯಿಂದ ಹಿಡಿದು ಸೋರೆ ಬಳ್ಳಿಯವರೆಗೆ ಒಂದೂ ಬಿಡದೆ ಜಾಲಾಡುವಳು. ಮದುವೆಯಲ್ಲಿ ಕಟ್ಟಿಕೊಂಡ ವಾಚು ಬಿಚ್ಚಿ ಕೆಡಿಸಿದ್ದೂ ಅದರಲ್ಲಿ ಸೇರಿರುತ್ತಿತ್ತು. ಅದಕ್ಕೆ ಇಪ್ಪತ್ತು ವರ್ಷ ಆಗಿತ್ತು.

ಏಳನೆಯ ದಿನ ಭಾಗ್ಯಮ್ಮ ಫೋನು ಮಾಡಿದರು. ಮೊಮ್ಮಗಳು ಆತಿರಳ ಪ್ಲಸ್ ವನ್ ಅರ್ಜಿ ಹಾಕಿಸಬೇಕು. ಹುಡುಗಿ ಜಿಷ್ಣುವಿನ ಅಂಗಡಿಗೇ ಹೋಗೋಣ ಎಂದು ದಿನಾ ಪೀಡಿಸುತ್ತಿದ್ದಾಳೆ, ತಾನು ಜಪ್ಪಯ್ಯ ಅಂದರೂ ಒಪ್ಪಿಲ್ಲ ಎಂದರು. "ನೀನು ಓದಿ ಹೇಳಿದ್ರೇನೇ ನಂಗೆ ಸಮಾಧಾನ ಕಣವ್ವಾ. ಆದ್ರೆ ಬುಧವಾರ ದಾಟಿದ್ರೆ ಆ ಮಗೀನ ಒಂದು ವರ್ಸ ಹೋಯ್ತದೆ." ಕಂಪ್ಯೂಟರು ಇನ್ನೇನು ತಯಾರಾಗಿದೆ ಎಂದು ಲತಾಮಣಿ ಸುಳ್ಳು ಹೇಳಿದಳು. ಫೋನು ಇಟ್ಟವಳು ಹಿತ್ತಿಲಿಗೆ ಹೋದಳು, ಅಂಗಳಕ್ಕೆ ಬಂದಳು, ಮತ್ತೆ ಹಿತ್ತಿಲಿಗೆ ಹೋದಳು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಪುಟ್ಟ ಡಬ್ಬಿಗಳ ಚಿತ್ರ ನೋಡುತ್ತಾ ಹೋದಳು. ಒಂದೇ ಥರ ಕಾಣುವ ಹತ್ತಾರು ಇದ್ದವು, ಅದರಲ್ಲೊಂದು ಮಾತ್ರ ಮಿಕ್ಕವುಗಳ ಅರ್ಧ ಬೆಲೆಗಿತ್ತು. ಸೋಮವಾರವೇ ತಲುಪಿಸುತ್ತೇವೆ ಎಂದೂ ಇತ್ತು. ತೋಟದಿಂದ ನವೀನ್ ಬರುವ ಸದ್ದಾಯಿತು. ಗುಂಡಿ ಒತ್ತಿಬಿಟ್ಟಳು.

ಡಬ್ಬಿ ಸೋಮವಾರ ಮಧ್ಯಾಹ್ನ ಬಂತು. ಗಂಡ ತೋಟದಲ್ಲಿರುವಾಗಲೇ ಎಲ್ಲ ಜೋಡಿಸಿ, ಉರಿಯುವ ಪರದೆಯನ್ನು ಅವನ ಮುಖಕ್ಕೆ ಹಿಡಿಯಬೇಕು ಎಂದು ಅವಳ ಲೆಕ್ಕ. ಅಂಗಡಿಯಿಂದ ತಂದಿಟ್ಟಿದ್ದ ಪರದೆಗೆ ಸಿಕ್ಕಿಸಿ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಪರದೆ ಕಪ್ಪಗೇ ಇತ್ತು. ಆರಿಸಿ ಹಾಕಿದಳು, ವೈರು ಕಿತ್ತು ಸಿಕ್ಕಿಸಿದಳು, ದೇವರನ್ನೂ ನೆನೆದಳು. ಕಪ್ಪಗೇ ಇತ್ತು. ಕೊನೆಗೆ ರಟ್ಟಿನ ಪೆಟ್ಟಿಗೆಯನ್ನು ತಿರುಗಿಸಿದಾಗ ತಳದಲ್ಲಿ ಇರುವೆ ಸಾಲಿನಂಥ ಅಕ್ಷರ ಕಂಡಿತು. ಬೆರಳಿಟ್ಟು ಓದಿದಳು: ಮೆಮೊರಿ ಮತ್ತು ಡಿಸ್ಕ್ ಇದರಲ್ಲಿ ಸೇರಿಲ್ಲ, ಕೊಂಡವರೇ ಹಾಕಿಕೊಳ್ಳಬೇಕು.

ಊರವರಿಗೆಲ್ಲ ಸಣ್ಣಕ್ಷರ ಓದಿಸಿ ಹೂಂಗುಟ್ಟಿಸುವ ಲತಾಮಣಿ ಖಾಲಿ ಡಬ್ಬಿ ತರಿಸಿದ್ದಳು. ಇದು ಜಿಷ್ಣುವಿಗೆ ಗೊತ್ತಾದರೆ? ಅವನು ಹಾಗಿರಲಿ, ನವೀನನಿಗೆ ಗೊತ್ತಾದರೆ? ಪರದೆಯ ಜೊತೆಗೇ ಮನೆಗೆ ತಂದಿದ್ದ ಸತ್ತ ಕಂಪ್ಯೂಟರನ್ನು ಅವಸರದಲ್ಲಿ ಬಿಚ್ಚಿದಳು. ಎರಡು ವರ್ಷದ ಹಿಂದೆ ನವೀನ್ ಅದಕ್ಕೆ ಹಾಕಿದ್ದ ತೆಳ್ಳನೆಯ ಡಿಸ್ಕು ಡಬ್ಬಿಯಲ್ಲಿ ಸರಿಯಾಗಿ ಕೂತಿತು. ಆದರೆ ಮೆಮೊರಿ ಪಟ್ಟಿ ಅಲ್ಲಿನ ಜಾಗದ ಎರಡರಷ್ಟು ಉದ್ದವಿತ್ತು. ಅದನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಳು. ಕಣ್ಣು ತುಂಬಿ ಬಂತು. ಈಗ ಮೈಸೂರಿಗೆ ಹೊರಟರೂ ತಿರುಗಿ ಬರುವುದರೊಳಗೆ ಗೇಟು ಮುಚ್ಚುತ್ತದೆ, ನಾಳೆ ಹೋದರೆ ಕೈಗೆ ಉಳಿಯುವುದು ಕೊನೆಯ ದಿನ ಮಾತ್ರ.

ಹಾಗೆ ಕೂತಿದ್ದಾಗಲೇ ನವೀನ್ ಒಳಗೆ ಬಂದ. ಡಬ್ಬಿ ನೋಡಿದ, ಕಪ್ಪು ಪರದೆ ನೋಡಿದ, ಹೆಂಡತಿಯ ಮುಖ ನೋಡಿದ. ಅವಳಿಗೆ ಇನ್ನು ಮುಚ್ಚಿಡುವ ತ್ರಾಣ ಉಳಿದಿರಲಿಲ್ಲ. ಪೆಟ್ಟಿಗೆಯ ತಳದ ಸಾಲಿನ ಮೇಲೆ ಬೆರಳಿಟ್ಟು, ಅಂಗಡಿಯಲ್ಲಿ ಓದುವ ಹಾಗೆಯೇ ಗಟ್ಟಿಯಾಗಿ ಓದಿದಳು. ಇನ್ನೊಂದು ಸಲವೂ ಓದಿದಳು. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಓದದೇ ಒತ್ತಿಬಿಟ್ಟೆ ಎಂದಳು. ಅವನು ನಗುತ್ತಾನೆ, ಇಪ್ಪತ್ತು ವರ್ಷದ್ದನ್ನು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾನೆ ಎಂದು ತಲೆ ತಗ್ಗಿಸಿ ಕಾದಳು.

ನವೀನ್ ನಗಲಿಲ್ಲ. ಅವಳ ಕೈಯ ಉದ್ದ ಪಟ್ಟಿಯನ್ನು ತೆಗೆದುಕೊಂಡು ಡಬ್ಬಿಯೊಳಗಿನ ಪುಟ್ಟ ಜಾಗವನ್ನು ಬಹಳ ಹೊತ್ತು ನೋಡಿದ. ಎದ್ದು ಉಗ್ರಾಣಕ್ಕೆ ಹೋದ. ಕಾಳುಮೆಣಸು ತುಂಬಿಡುವ ತಗಡಿನ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬಂದವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣವಿತ್ತು, ಮೆಣಸಿನ ಘಾಟಿಗೆ ಲತಾಮಣಿಗೆ ಸೀನು ಬಂತು. ಪೊಟ್ಟಣದಲ್ಲಿ ಗಿಡ್ಡನೆಯ ಮೆಮೊರಿ ಪಟ್ಟಿ. ಡಬ್ಬಿಯ ಜಾಗಕ್ಕೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದ. ಟಕ್ಕೆಂದು ಕೂತಿತು.

ಆಮೇಲೆ ನೆಲ ನೋಡುತ್ತಲೇ ಹೇಳಿದ. ಮೈಸೂರಿನಲ್ಲಿ ಮೊದಲ ಅಂಗಡಿಯಲ್ಲಿ ಮೆಮೊರಿ ಕೊಂಡಿದ್ದ, ಅಲ್ಲಿ ತೋರಿಸಿದ ಬೋರ್ಡಿಗೆ ಈ ಗಿಡ್ಡನೆಯದೇ ಬೇಕಾಗಿತ್ತು. ಪಕ್ಕದ ಬೀದಿಯಲ್ಲಿ ಇನ್ನೊಂದು ಬೋರ್ಡು ಅಗ್ಗಕ್ಕೆ ಸಿಕ್ಕಿತು, ಅದನ್ನು ತಂದುಬಿಟ್ಟ. ಮನೆಗೆ ಬಂದು ಹಾಕಿದರೆ ಹಿಡಿಯಲಿಲ್ಲ. ಕೊಂಡ ಅಂಗಡಿಗೆ ಫೋನು ಮಾಡಿದರೆ ವಾಪಸ್ ಇಲ್ಲ ಎಂದರು. ಸ್ಕ್ರೂವೂ ಇಲ್ಲ, ವೈರೂ ಇಲ್ಲ, ಎಲ್ಲಾ ನೆಪ.

ಒಂಬತ್ತು ದಿನ! ಲತಾಮಣಿಗೆ ಸಿಟ್ಟು ಕಾಲಿಂದ ನೆತ್ತಿಗೇರಿತು. ಅಂಗಡಿ ಮುಚ್ಚಿ, ನೆಲದ ಮೇಲೆ ಉಂಡು, ಭಾಗ್ಯಮ್ಮನಿಗೆ ಸುಳ್ಳು ಹೇಳಿ ಕಳೆದ ಒಂಬತ್ತು ದಿನ.

"ಮೊದಲ್ನೇ ದಿನಾನೇ ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು ನಿಮ್ಗೆ?"

"ಅವತ್ತೇ ಹೇಳೋಣ ಅಂತ ಬಂದೆ ಲತಾ. ನೀನು ಭಾಗ್ಯಮ್ಮನ ಜೊತೆ ಫೋನಲ್ಲಿದ್ದೆ, ಅವರೇನೋ ಪಾಸ್‌ಬುಕ್ ಕಳ್ಕೊಂಡಿದ್ರು. ಎಷ್ಟು ನಯವಾಗಿ ಮಾತಾಡ್ತಿದ್ದೆ. ನಾನೂ ಬೇರೆ ಮನೆಯವ್ನಾಗಿದ್ರೆ ಹೇಳ್ಬೋದಾಗಿತ್ತು ಅನ್ನಿಸ್ತು. ತೋಟಕ್ಕೆ ಹೋದೆ."

ಲತಾಮಣಿ ಬಾಯಿ ತೆರೆದಳು. ಕೋಳಿಮರಿಯ ಪೆಟ್ಟಿಗೆ, ಸೋರೆ ಬಳ್ಳಿ, ವಾಚು, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅವನು ಆಗಲೇ ಬಾಗಿಲ ಕಡೆ ಅರ್ಧ ತಿರುಗಿದ್ದ. ಹೊರಡಲು ತಯಾರಾಗಿ ನಿಲ್ಲುವ ಆ ಭಂಗಿಯನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದಳು, ತೋಟದ ಕೆಲಸದ ಅವಸರ ಅಂದುಕೊಂಡಿದ್ದಳು.

ಕೈ ಚಾಚಿ ಡಬ್ಬಿಯ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಪರದೆ ಬೆಳಗಿ ಅಂಗಡಿಯ ಹಳೆಯ ಅರ್ಜಿಗಳೆಲ್ಲ ಸಾಲಾಗಿ ಮೂಡಿದವು. ಭಾಗ್ಯಮ್ಮನಿಗೆ ಫೋನು ಹಚ್ಚಿ, ನಾಳೆ ಒಂಬತ್ತಕ್ಕೆ ಆತಿರಳನ್ನು ಕರೆದುಕೊಂಡು ಬನ್ನಿ ಎಂದಳು. ಫೋನು ಇಟ್ಟರೂ ನವೀನ್ ಹಾಗೆಯೇ ನಿಂತಿದ್ದ, ಬೈಗುಳಕ್ಕೆ ಕಾಯುವವನಂತೆ.

"ಕುಳಪ್ಪ ಇಲ್ಲ, ಸರಿ ಮಾಡೋಣ," ಎಂದಳು.

ನವೀನ್ ತಿರುಗಿ ಬಾಗಿಲ ಕಡೆ ನೋಡಿದ, ಯಾರೋ ಗಿರಾಕಿ ಬಂದಿರಬೇಕು ಎಂದು. ಅಲ್ಲಿ ಯಾರೂ ಇರಲಿಲ್ಲ.